ಹತ್ತರೊಳಗೆ ಮುಗಿಯಬೇಕಾದ ಪಶ್ಚಾತ್ತಾಪ

ನಮ್ಮೂರಿನ ನಾಟಕಗಳಲ್ಲಿ ಖಳನಾಯಕ ಸಾಯುವುದಿಲ್ಲ, ಪಶ್ಚಾತ್ತಾಪ ಪಡುತ್ತಾನೆ. ಸಾಯಿಸಿದರೆ ಮುಂದಿನ ವರ್ಷ ಆ ಪಾತ್ರಕ್ಕೆ ಯಾರೂ ಒಪ್ಪುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು, ಜನ ಅಳಬೇಕು. ಅತ್ತರೆ ನಾಟಕ ಗೆದ್ದಿತು, ಅಳದಿದ್ದರೆ ನಾಟಕ ಆಡಿಸುವ ಮಂಡಳದ ಹುಡುಗರು ಮಾರನೆಯ ದಿನ ಚಹಾದಂಗಡಿಯ ಕಡೆ ಸುಳಿಯುವುದಿಲ್ಲ. ಮೊದಲೆಲ್ಲ ನಾಟಕ ಬೆಳತನಕ ನಡೆಯುತ್ತಿತ್ತು. ಖಳನಾಯಕನಿಗೆ ಕೆಟ್ಟವನಾಗಿರಲು ಸಾಕಷ್ಟು ಹೊತ್ತು ಸಿಗುತ್ತಿತ್ತು. ಈಗ ಹತ್ತಕ್ಕೆ ಮೈಕ್ ಬಂದ್ ಮಾಡಬೇಕೆಂದು ಪೊಲೀಸರ ತಾಕೀತು. ಹಾಗಾಗಿ ದೀಪಾವಳಿ ಪಾಡ್ಯದ ದಿನ ಹೊತ್ತು ಮುಳುಗುವ ಮೊದಲೇ ನಾಂದಿ ಹಾಡಿ, ಮೋಸ, ಕೊಲೆ, ಮನೆಮುರುಕತನ ಎಲ್ಲವನ್ನೂ ಲಗುಬಗೆಯಿಂದ ಮುಗಿಸಿ, ಹತ್ತು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಖಳನಾಯಕ ಮೊಣಕಾಲೂರುತ್ತಾನೆ. ಮಂಡಳದ ಅಧ್ಯಕ್ಷ ಪರದೆಯ ಪಕ್ಕದಲ್ಲಿ ಮೊಬೈಲಿನಲ್ಲಿ ಗಂಟೆ ನೋಡುತ್ತ ನಿಂತಿರುತ್ತಾನೆ.

ಎಷ್ಟೋ ವರ್ಷಗಳಿಂದ ಆ ಖಳನಾಯಕ ನಮ್ಮಪ್ಪನೇ.

ನಮ್ಮೂರು ಗಡಿಯ ಮರಾಠಿ ಬದಿಗೆ, ಜತ್ತ ತಾಲೂಕಿನಲ್ಲಿ, ಉಮದಿಯ ಕಡೆ. ಇಲ್ಲಿ ಅರ್ಜಿ ಬರೆಯುವುದು ಮರಾಠಿಯಲ್ಲಿ, ಬೈದಾಡುವುದು ಕನ್ನಡದಲ್ಲಿ. ಅಪ್ಪ ಕಲಿತದ್ದು ಮರಾಠಿ ಶಾಲೆ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ನನ್ನನ್ನು ಮಾತ್ರ ಕನ್ನಡ ಶಾಲೆಗೆ ಹಾಕಿದ. ಈಗ ನಾನು ಬೇರೆ ಊರಿನ ಅಂಥದ್ದೇ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಹೀಗಾಗಿ ಅಪ್ಪನ ಪಾತ್ರದ ಮಾತುಗಳನ್ನು ಓದಿ ಹೇಳುವ ಕೆಲಸ ಚಿಕ್ಕಂದಿನಿಂದ ನನ್ನದೇ. ನಾನು ಓದಬೇಕು, ಅವನು ಕನ್ನಡದ ಮಾತನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಬೇಕು. ಎರಡನೆಯ ಇಯತ್ತೆಯ, ಅಂದರೆ ಎರಡನೆಯ ತರಗತಿಯ ಹುಡುಗಿ ನಾನು, ಲಂಗದ ತುದಿ ಕಚ್ಚುತ್ತ, "ಈ ಆಸ್ತಿಯೆಲ್ಲ ನನ್ನದಾಗಬೇಕು, ಅವಳ ತಾಳಿ ಹರಿಯಬೇಕು, ಹಹ್ಹಹ್ಹಾ" ಎಂದು ಓದುತ್ತಿದ್ದೆ. ಅಪ್ಪ ಆ ನಗೆಯನ್ನು ಕಲಿಯುತ್ತಿದ್ದ.

"ಸಣ್ಣಗ ನಗ್ರಿ, ಎಮ್ಮಿ ಅಂಜಿ ಹಾಲ ಬಿಡೂದಿಲ್ಲ," ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು.

ಸಂತೆಯಲ್ಲಿ ಕಾಳುಕಡಿ ಮಾರುವ ಅಪ್ಪ ನಿಜವಾಗಿ ಮೆತ್ತಗಿನ ಮನುಷ್ಯ. ತಕ್ಕಡಿ ಗಿರಾಕಿಯ ಕಡೆಗೇ ಸ್ವಲ್ಪ ವಾಲಿಸುತ್ತಾನೆ. ನಾಯಿಗೂ ಗದರಿದವನಲ್ಲ. ಇಂಥವನಿಗೆ ಖಳನ ಪಾತ್ರ ಹೇಗೆ ಒಗ್ಗಿತೆಂದು ಜನ ಅಚ್ಚರಿಪಡುತ್ತಿದ್ದರು. ನನಗೆ ಅಚ್ಚರಿಯಾಗುತ್ತಿರಲಿಲ್ಲ, ಯಾಕೆಂದರೆ ನಾನು ಅತ್ತೆಯನ್ನು ನೋಡಿದ್ದೆ.

ಅತ್ತೆ ಎಂದರೆ ಅಪ್ಪನ ನಡುವಿನ ತಂಗಿ. ಡಫಳಾಪುರಕ್ಕೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಅವಳು ತವರಿಗೆ ಬರುವಳು, ನಾಲ್ಕು ದಿನ ಇರುವಳು, ಅಪ್ಪ ಹೋಗಿ ಬಿಟ್ಟು ಬರುವನು. ಅವಳು ಕೊನೆಯ ಸಲ ಹಾಗೆ ಬಂದಾಗ ನಾನು ಅದೇ ಎರಡನೆಯ ಇಯತ್ತೆಯಲ್ಲಿದ್ದೆ. ನನ್ನ ತಲೆ ಬಾಚಲು ಕೂತವಳು ಎಡಗೈಯೊಂದರಿಂದಲೇ ಜಡೆ ಹೆಣೆಯಲು ನೋಡುತ್ತಿದ್ದಳು. ಬಲಗೈ ಮೇಲೆ ಏಳುತ್ತಿರಲಿಲ್ಲ. "ಯಾಕತ್ತಿ?" ಎಂದು ಕೇಳಿದೆ. "ಕೈ ಉಳಕೈತಿ," ಎಂದಳು. ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ, ಎಲ್ಲರಿಗೂ ಆ ಕೈ ಕಾಣುತ್ತಿತ್ತು. ದೊಡ್ಡವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಹೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತಿತ್ತು. ಸಣ್ಣ ಅತ್ತೆಯ ಲಗ್ನದ ಮಾತುಕತೆ ನಡೆದಿದ್ದ ಹೊತ್ತದು. ಗಂಡ ಬಿಟ್ಟು ಬಂದ ಮಗಳು ಮನೆಯಲ್ಲಿದ್ದಾಳೆಂದರೆ ಬೀಗರು ಹಿಂದೆ ಸರಿಯುತ್ತಾರೆಂಬ ಅಂಜಿಕೆ ಎಲ್ಲರಿಗೂ ಇತ್ತು.

ಒಂದು ಬೆಳಿಗ್ಗೆ ಅಪ್ಪ ಅವಳ ಚೀಲ ಹಿಡಿದುಕೊಂಡ. "ನಡಿ ತಂಗಿ. ಹೊಂದ್ಕೊಂಡು ಹೋಗಬೇಕು," ಎಂದ. ಅವಳು ಹೋದಳು. ಹತ್ತಿಪ್ಪತ್ತು ದಿನ ಕಳೆದಿರಬೇಕು, ಸುದ್ದಿ ಬಂತು. ಗಂಡ ಒನಕೆಯಿಂದ ಹೊಡೆದಿದ್ದ. ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಎಡಗಿವಿ ಕೇಳದಾಯಿತು. ಮುಂದೆ ಮಕ್ಕಳಾಗಲಿಲ್ಲ. ಸಣ್ಣ ಅತ್ತೆಯ ಲಗ್ನ ಮಾತ್ರ ಯಾವ ತೊಡಕೂ ಇಲ್ಲದೆ ಆಯಿತು. ಅದರಲ್ಲಿ ನಾನು ಹೊಸ ಲಂಗ ಉಟ್ಟು ಕುಣಿದಾಡಿದ್ದೆ.

ಆಮೇಲೆ ಅತ್ತೆ ಎಂದೂ ಗಂಡನ ಮನೆ ಬಿಟ್ಟು ಚೀಲ ಹೊತ್ತು ತವರಿಗೆ ಬರಲಿಲ್ಲ. ಗಂಡ ಕುಡಿದು ಕುಡಿದು ಸತ್ತ. ಅವಳು ಡಫಳಾಪುರದಲ್ಲೇ ಉಳಿದು, ಗಂಡನ ಪಾಲಿಗೆ ಬಂದ ಹೊಲ ಮಾಡಿಸಿಕೊಂಡು, ಎಮ್ಮೆ ಸಾಕಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಇದ್ದಾಳೆ. ತವರಿಗೆ ಬರುವುದು ವರ್ಷಕ್ಕೊಂದು ಸಲ, ತಂಗಿಯರು ಅಣ್ಣಂದಿರಿಗೆ ಆರತಿ ಬೆಳಗುವ ಭಾವುಬೀಜಕ್ಕೆ. ಪಾಡ್ಯದ ಮಧ್ಯಾಹ್ನ ಬರುತ್ತಾಳೆ, ಮರುದಿನ ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ವಿಭೂತಿಯ ಕೆಳಗೆ ಕುಂಕುಮವಿಟ್ಟು, ಆರತಿ ಬೆಳಗಿ, ಅವನು ಕೊಟ್ಟ ಸೀರೆಯನ್ನು ಕಣ್ಣಿಗೊತ್ತಿಕೊಂಡು ಮಧ್ಯಾಹ್ನದ ಎಸ್‌ಟಿ ಬಸ್ಸು ಹಿಡಿಯುತ್ತಾಳೆ. ಒಂದು ವರ್ಷವೂ ತಪ್ಪಿಸಿಲ್ಲ. ಒಂದು ಕೊಂಕು ಮಾತು ಆಡಿಲ್ಲ. ಅವಳು ಒಮ್ಮೆಯಾದರೂ ಆರತಿ ತಟ್ಟೆಯನ್ನು ಅಪ್ಪನ ಮುಖಕ್ಕೆ ಎಸೆದಿದ್ದರೆ ಅವನ ಜೀವ ಹಗುರಾಗುತ್ತಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಪ್ಪ ಪ್ರಯತ್ನ ಮಾಡಲಿಲ್ಲವೆಂದಲ್ಲ. ಪ್ರತಿ ಸುಗ್ಗಿಗೆ ಒಂದು ಚೀಲ ಜೋಳ ಕಳಿಸುತ್ತಿದ್ದ. ಅದು ಮುಟ್ಟಿದ ವಾರದೊಳಗೆ ಡಫಳಾಪುರದಿಂದ ಒಂದು ಚೀಲ ಶೇಂಗಾ ಬರುತ್ತಿತ್ತು. ಎರಡು ಚೀಲ ಕಳಿಸಿದ ವರ್ಷ ಎರಡು ಬಂದವು. ಒಂದು ದೀಪಾವಳಿಗೆ ಅವಳು ಪಡಸಾಲೆಯಲ್ಲಿ ಒಬ್ಬಳೇ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಅಪ್ಪ ಹೋಗಿ ಎದುರಿಗೆ ಕೂತ.

"ತಂಗಿ, ಆವಾಗ ನಾ ನಿನ್ನ ಕರ್ಕೊಂಡ ಹೋಗಿ..." ಎಂದು ಶುರು ಮಾಡಿದ.

"ಅಣ್ಣಾ, ಬಿ.ಪಿ. ಗುಳಿಗಿ ತಗೊಂಡೇನು?" ಎಂದಳು ಅತ್ತೆ.

"ತಗೊಂಡೀನಿ."

"ಮರೀಬ್ಯಾಡ," ಎಂದು ಬತ್ತಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅಲ್ಲೇ ಕೂತಿದ್ದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಮರುಕವೂ ಬಂತು.

ಈ ಹೊತ್ತಿನಲ್ಲಿ ಅಪ್ಪನಿಗೆ ಧಾರಾವಾಹಿಗಳ ಹುಚ್ಚು ಹತ್ತಿತು. ಸಂಜೆ ಏಳಕ್ಕೆ ಕನ್ನಡದ್ದು, ಎಂಟಕ್ಕೆ ಮರಾಠಿಯದು. ಎರಡರಲ್ಲೂ ಒಬ್ಬ ಕೆಟ್ಟ ಅತ್ತೆಯೋ, ನಾದಿನಿಯೋ, ಅಣ್ಣನೋ ಇರುತ್ತಾರೆ. ಎರಡು ವರ್ಷ ವಿಷ ಹಾಕುತ್ತಾರೆ, ಬೆಂಕಿ ಹಚ್ಚುತ್ತಾರೆ, ಕೂಸು ಅದಲುಬದಲು ಮಾಡುತ್ತಾರೆ. ಅಷ್ಟರಲ್ಲಿ ನೋಡುವ ಜನಕ್ಕೆ ಆ ನಟಿಯ ಮೇಲೆಯೇ ಪ್ರೀತಿ ಹುಟ್ಟಿರುತ್ತದೆ. ಆಗ ಅವಳನ್ನು ಒಳ್ಳೆಯವಳನ್ನಾಗಿ ಮಾಡಬೇಕಲ್ಲ? ಒಂದು ವಾರ ಸಾಕು. ಸೋಮವಾರ ಮಂಚದ ಮೇಲೆ ಮಲಗಿಸುತ್ತಾರೆ, ಬುಧವಾರ ಅವಳ ಚಿಕ್ಕಂದಿನ ಕಷ್ಟ ತೋರಿಸುತ್ತಾರೆ, ಶನಿವಾರ ಅವಳು ಸೊಸೆಯ ಕಾಲು ಹಿಡಿಯುತ್ತಾಳೆ, ಕೊಳಲು ಊದುತ್ತಾರೆ. ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಮಾಡಿದವಳಿಗೆ ಚಿಕ್ಕಂದಿನ ಕಥೆ ಕೊಡುತ್ತಾರೆ, ಕಾರಣ ಕೊಡುತ್ತಾರೆ, ಕೊಳಲು ಕೊಡುತ್ತಾರೆ. ಬೆಂಕಿಯಲ್ಲಿ ಬೆಂದ ಸೊಸೆಗೆ ಕೊಡುವುದು ಒಂದೇ ಕೆಲಸ, ಬಗ್ಗಿ ಎಬ್ಬಿಸುವುದು. ಅವಳಿಗೆ ಅವತ್ತು ಮನಸ್ಸಿಲ್ಲ ಎಂದರೆ? ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ, ಆಮೇಲೆ ನೋಡೋಣ ಎಂದರೆ? ಹಾಗೆ ಬರೆದವರನ್ನು ನಾನು ಕಂಡಿಲ್ಲ. ಒಂದು ದಿನ ಅಪ್ಪನಿಗೆ ಇದನ್ನೇ ಹೇಳಿದೆ.

"ಎಬ್ಬಸ್ದಿದ್ರ ಅಂವ ಅಲ್ಲೇ ಬಿದ್ದಿರಬೇಕೇನು?" ಎಂದ ಅಪ್ಪ.

ಟಿವಿಯಲ್ಲಿ ಮತ್ತೆ ಕೊಳಲು ಶುರುವಾಯಿತು, ನಾನು ಎದ್ದು ಒಳಗೆ ಹೋದೆ.

ಎರಡು ದೀಪಾವಳಿಗಳ ಹಿಂದೆ ನಾಟಕ ಆರಿಸುವಾಗ ಅಪ್ಪ ಎಂದಿಲ್ಲದ ಹಟ ಹಿಡಿದ. ಅಣ್ಣ ತಂಗಿಯರ ಕಥೆಯೇ ಆಗಬೇಕು ಎಂದ. ಸಿಕ್ಕಿತು, ಅಂಥವು ಬೇಕಾದಷ್ಟಿವೆ. ಆಸ್ತಿಯ ಆಸೆಗೆ ಅಣ್ಣ ತಂಗಿಯನ್ನು ಕಟುಕನ ಕೈಗೆ ಕೊಡುತ್ತಾನೆ, ಕೊನೆಯ ಪ್ರವೇಶದಲ್ಲಿ ಅವಳ ಕಾಲಿಗೆ ಬೀಳುತ್ತಾನೆ. ನಾನು ರಜೆಗೆ ಬಂದಾಗ ಅಪ್ಪ ಆ ಕೊನೆಯ ಪ್ರವೇಶವನ್ನೇ ಮತ್ತೆ ಮತ್ತೆ ಓದಿಸಿದ. "ತಂಗೀ, ಪಾಪಿಯಾದ ಈ ಅಣ್ಣನನ್ನು ಕ್ಷಮಿಸಲಾರೆಯಾ?" ಎಂದು ಅವನ ಮಾತು. "ಏಳು ಅಣ್ಣಾ, ನಿನ್ನ ಕಣ್ಣೀರಿನಲ್ಲಿ ನಿನ್ನ ಪಾಪವೆಲ್ಲ ತೊಳೆದುಹೋಯಿತು," ಎಂದು ತಂಗಿಯ ಉತ್ತರ. ಆ ಉತ್ತರ ಓದುವಾಗ ಅಪ್ಪ ಬರೆಯುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ನಿನ್ನ ಅತ್ತೀನ ಮುಂದ ಕುಂದ್ರಸು. ಬಲಗಿವಿ ಸ್ಟೇಜಿನ ಕಡೆ ಇರ್ಲಿ," ಎಂದ.

ಆಗ ನನಗೆ ಅವನ ಲೆಕ್ಕ ಗೊತ್ತಾಯಿತು. ಪಡಸಾಲೆಯಲ್ಲಾದರೆ ಅವಳು ಎದ್ದು ಹೋಗುತ್ತಾಳೆ. ಊರೇ ಕೂತಿರುವಾಗ, ನಾಟಕದ ನಡುವೆ, ಎದ್ದು ಹೋಗುವಂತಿಲ್ಲ. ಬೇಡವೆನ್ನುವ ಮಾತು ಬಾಯಿಗೆ ಬಂತು. ಆದರೆ ಎಪ್ಪತ್ತರ ಹತ್ತಿರ ಬಂದ ಅವನ ಮುಖ ಪರೀಕ್ಷೆಗೆ ಹೊರಟವರ ಮುಖದಂತಿತ್ತು, ಆಗಲಿ ಎಂದುಬಿಟ್ಟೆ.

ಪಾಡ್ಯದ ಸಂಜೆ ಶಾಲೆಯ ಮುಂದಿನ ಬಯಲು ತುಂಬಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಅತ್ತೆಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ ಪಕ್ಕದಲ್ಲಿ ನಾನು ಕೂತೆ. ತಂಗಿಯ ಪಾತ್ರಕ್ಕೆ ಗಡಿಯಾಚೆಯಿಂದ ಕರೆಸಿದ ಕಲಾವಿದೆ ಬಂದಿದ್ದಳು. ಇಂಥ ತಂಗಿಯಂದಿರ ಮಾತೆಲ್ಲ ಅವಳಿಗೆ ಬಾಯಿಪಾಠ; ಅಳುವುದು ಎಲ್ಲಿ, ಬೀಳುವುದು ಎಲ್ಲಿ, ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಕಡೆ ನಾಟಕವೆಂದರೆ ಆಯೇರಿಯೂ ಇರಬೇಕು. ಪಾತ್ರ ಮೆಚ್ಚಿಗೆಯಾದರೆ ನೋಡುವವರು ನಾಟಕದ ನಡುವೆಯೇ ಸ್ಟೇಜು ಹತ್ತಿ ಪಾತ್ರಧಾರಿಗೆ ಟೋಪಿ ಇಟ್ಟು, ಟವೆಲ್ ಹೊದಿಸಿ, ತೆಂಗಿನಕಾಯಿ ಕೊಡುತ್ತಾರೆ. ಆರಿಸಿ ಬಂದ ಆಮದಾರನಿಗೂ ಅದೇ, ಕುಸ್ತಿ ಗೆದ್ದವನಿಗೂ ಅದೇ, ಹಾಸ್ಯ ಪಾತ್ರದವನಿಗೂ ಅದೇ. ಮರೆತು ಬಂದವರಿಗಾಗಿ ಮಂಡಳದವರೇ ಸ್ಟೇಜಿನ ಪಕ್ಕದ ಮೇಜಿನ ಮೇಲೆ ಮಾರಲು ಇಟ್ಟಿರುತ್ತಾರೆ. ಒಂದೇ ಕಾಯಿ ಸಂಜೆಯೆಲ್ಲ ಹಲವು ಸಲ ಮಾರಾಟವಾಗುತ್ತದೆ. ಅವತ್ತೂ ಕೊಲೆ ನಡೆಯುತ್ತಿರುವಾಗ ನಡುವೆ ನಿಲ್ಲಿಸಿ ಕೊಲೆಗಾರನಿಗೂ ಸಾಯುತ್ತಿದ್ದವನಿಗೂ ಒಟ್ಟಿಗೇ ಟೋಪಿ ಹಾಕಿದರು, ಆಮೇಲೆ ಸಾಯುವುದನ್ನು ಮುಂದುವರಿಸಿದರು.

ಕೊನೆಯ ಪ್ರವೇಶ ಬಂತು. ಅಪ್ಪ ಮೊಣಕಾಲೂರಿದ. ಕಲಾವಿದೆ ಸೆರಗು ಕಣ್ಣಿಗೆ ಹಚ್ಚಿ ತಯಾರಾಗಿ ನಿಂತಳು. ಅಪ್ಪ ಮಾತಾಡಲಿಲ್ಲ. ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವನು "ತಂಗೀ, ಪಾಪಿಯಾದ" ಎಂದು ಎರಡು ಸಲ ಪಿಸುಗುಟ್ಟಿದ್ದು ಮೈಕಿನಲ್ಲಿ ನಮಗೆಲ್ಲ ಕೇಳಿಸಿತು. ಅಪ್ಪ ಎದ್ದ. ಕಲಾವಿದೆಯನ್ನು ಅಲ್ಲಿಯೇ ಬಿಟ್ಟು, ಸ್ಟೇಜಿನ ತುದಿಗೆ, ಹೆಂಗಸರ ಕಡೆಗೆ ಬಂದು ನಿಂತ.

"ತಂಗಿ, ನಿನಗ ಎಡಗಿವಿ ಕೇಳಸೂದಿಲ್ಲ. ಅದಕ್ಕ ಈ ಕಡೆ ಬಂದು ನಿಂತೀನಿ," ಎಂದ. ನಾಟಕದ ದನಿಯಲ್ಲ ಅದು, ಮನೆಯ ದನಿ. "ನಿನ್ನ ಮೈಮ್ಯಾಲಿನ ಬಾಸುಂಡಿ ನಾ ನೋಡಿದ್ದೆ. ನೋಡಿ ನೋಡಲಾರದಂಗ ಮಾಡಿದೆ. ಸಣ್ಣಾಕಿ ಲಗ್ನ ಮುರೀತೈತಿ ಅಂತ ಅಂಜಿ ನಿನ್ನ ಕರ್ಕೊಂಡ್ಹೋಗಿ ಬಿಟ್ಟ ಬಂದೆ. ನಿನ್ನ ಹೊಟ್ಟ್ಯಾಗಿನ ಕೂಸಿನ್ನ ನಾನ ಕೊಂದೆ. ನನಗ ಬೈಯವ್ವಾ. ಮಂದಿ ಮುಂದ ಬೈ. ಹಿಂಗ ಸುಮ್ನ ಇರಬ್ಯಾಡ, ನನಗ ತಡ್ಯಾಕ ಆಗವಲ್ದು."

ಹಳೆಯ ಹೆಂಗಸರಿಗೆ ವಿಷಯ ಗೊತ್ತಿತ್ತು, ಅವರು ಬಾಯಿಗೆ ಸೆರಗು ಹಚ್ಚಿದರು. ಅಷ್ಟರಲ್ಲಿ ಗಂಡಸರ ಕಡೆಯಿಂದ ಒಂದು ಸೀಟಿ ಬಂತು, ಅದರ ಹಿಂದೆ ಹತ್ತಾರು. "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಹುಡುಗರು ಎದ್ದು ಕುಣಿದರು. ಆ ಮಾತನ್ನು ಇನ್ನೊಮ್ಮೆ ಹೇಳಬೇಕಂತೆ! ಅಪ್ಪ ದಿಕ್ಕು ತೋಚದೆ ನಿಂತಿದ್ದ.

ಅತ್ತೆ ಎದ್ದಳು. ಸೆರಗು ಸರಿ ಮಾಡಿಕೊಂಡು ಮೇಜಿನ ಕಡೆ ನಡೆದಳು. ನನಗೆ ತಿಳಿಯುವ ಮೊದಲೇ ಟೋಪಿ, ಟವೆಲ್, ಕಾಯಿ ಹಿಡಿದು ಸ್ಟೇಜು ಹತ್ತಿದ್ದಳು. ಮೈಕಿನವನು ಹುರುಪಿನಿಂದ ಕೂಗಿದ: "ಡಫಳಾಪುರದ ನಮ್ಮ ಅಕ್ಕಾರು ಖಳನಾಯಕನ ಪಾತ್ರ ಮೆಚ್ಚಿ ಆಯೇರಿ ಮಾಡಾಕ್ಹತ್ಯಾರ, ಜೋರಾಗಿ ಚಪ್ಪಾಳಿ!" ಅತ್ತೆ ಅಪ್ಪನ ತಲೆಗೆ ಟೋಪಿ ಇಟ್ಟಳು. ಹೆಗಲಿಗೆ ಟವೆಲ್ ಹಾಕಿದಳು. ಕಾಯಿಯನ್ನು ಅವನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಸುತ್ತ ಮಡಿಸಿದಳು. ಇಲ್ಲದಿದ್ದರೆ ಅದು ಬೀಳುತ್ತಿತ್ತು.

"ಎರಡು ಮಾತ ಹೇಳ್ರಿ ಅಕ್ಕಾರ," ಎಂದು ಮೈಕಿನವನು ಮೈಕ್ ಹಿಡಿದ.

"ಪಾತ್ರ ಚಲೋ ಮಾಡ್ಯಾನ," ಎಂದಳು ಅತ್ತೆ. "ಮುಂದನೂ ಚಲೋ ಮಾಡ್ಲಿ."

ಜನಕ್ಕೆ ಕೈಮುಗಿದು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತಳು. ಅಧ್ಯಕ್ಷ ಪರದೆಯ ಸಂದಿನಿಂದ ಹತ್ತು ಹೊಡೆಯಲು ಬಂತೆಂದು ಕೈ ಮಾಡಿದ. ಕಲಾವಿದೆ ಪಾಪ, ಕಸುಬು ಬಲ್ಲವಳು. ಮುಂದೆ ಬಂದು, ನಿಂತೇ ಇದ್ದ ಅಪ್ಪನ ತೋಳು ಹಿಡಿದು, "ಏಳು ಅಣ್ಣಾ, ನಿನ್ನ ಕಣ್ಣೀರಿನಲ್ಲಿ ನಿನ್ನ ಪಾಪವೆಲ್ಲ ತೊಳೆದುಹೋಯಿತು," ಎಂದಳು. ಪರದೆ ಬಿತ್ತು.

ಮರುದಿನ ಊರೆಲ್ಲ ಒಂದೇ ಮಾತು. ತಂಗಿ ಎಲ್ಲರೆದುರು ಅಣ್ಣನ ಮಾನ ಮಾಡಿದಳು, ಎಂಥ ದೊಡ್ಡ ಮನಸ್ಸು! ಅವ್ವನೂ ಅದನ್ನೇ ನಂಬಿದಳು. "ಕಡೀಗೂ ಎದಿ ಮ್ಯಾಲಿನ ಕಲ್ಲ ಇಳೀತು," ಎನ್ನುತ್ತ ಹೋಳಿಗೆ ಬೇಯಿಸಿದಳು. ಅಪ್ಪ ಮಾತ್ರ ಎದುರಿಗಿಟ್ಟ ಚಹಾ ಮುಟ್ಟಲಿಲ್ಲ. ಅತ್ತೆ ಎಂದಿನಂತೆ ಮಣೆ ಹಾಕಿದಳು, ಕುಂಕುಮವಿಟ್ಟಳು, ಆರತಿ ಬೆಳಗಿದಳು. ಅಪ್ಪ ತಲೆ ಎತ್ತಲಿಲ್ಲ. ಅವಳು ಗದ್ದ ಹಿಡಿದು ಮೆಲ್ಲಗೆ ಎತ್ತಿ ಅಕ್ಕಿಕಾಳು ಹಚ್ಚಿದಳು.

ಮಧ್ಯಾಹ್ನ ಅವಳನ್ನು ಎಸ್‌ಟಿಗೆ ಬಿಡಲು ನಾನು ಹೋದೆ. ಬೇವಿನ ಗಿಡದ ಕೆಳಗೆ ನಾವಿಬ್ಬರೇ ಇದ್ದೆವು. ಅವಳ ಬಲಗಡೆ ಬಂದು ನಿಂತೆ.

"ಅತ್ತಿ, ನಿನ್ನಿ ಅಪ್ಪ ಆಡಿದ್ದು ನಾಟಕದ ಮಾತಲ್ಲ."

"ಗೊತ್ತೈತಿ."

"ಮತ್ತ ಟೋಪಿ ಯಾಕ ಇಟ್ಟಿ?"

"ಮಂದಿ ಮುಂದ ನಿಂತ ಕೇಳಿದ. ಮಂದಿ ಮುಂದ ಕೊಡೂದು ಅದನ್ನ ಅಲ್ಲೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿಯಲು ಒಂದು ತುದಿಯಾದರೂ ಸಿಗುತ್ತಿತ್ತು.

"ಅಂವಾ ಸೊರಗಿ ಹೋಗ್ಯಾನತ್ತಿ. ಒಂದು ಮಾತು, ಆತು ಬಿಡು ಅಂತ ಅಂದ್ರ..."

"ಅನ್ನಬೌದು. ಬಾಯಿಲೆ ಅನ್ನಾಕ ಏನು? ಖರೇನ ಕೊಡಾಕ ನನ್ನ ಕಡೆ ಏನೂ ಇಲ್ಲ ಯವ್ವಾ. ಇದ್ದಿದ್ರ ಯಾವಾಗೋ ಕೊಟ್ಟು ಮುಗಸ್ತಿದ್ದೆ. ಇಟ್ಕೊಂಡು ನಾ ಏನ್ ಮಾಡ್ಲಿ?"

ಆಮೇಲೆ ತಾನಾಗಿಯೇ ಹೇಳಿದಳು, ಈ ಮೂವತ್ತು ವರ್ಷದಲ್ಲಿ ಮೊದಲ ಸಲ.

"ಅವತ್ತ ಜತ್ತ ಸ್ಟ್ಯಾಂಡಿನ್ಯಾಗ ಗಾಡಿ ಬದಲ ಮಾಡೂದಿತ್ತು. ಭಜಿ ತಂದ ಕೊಟ್ಟ. ನಾವಿಬ್ರ ಬೆಂಚಿನ ಮ್ಯಾಲ ಕುಂತಿದ್ವಿ. ನಾ ಅಂದ್ನಿ, ಅಣ್ಣಾ, ಹೊಟ್ಟೀಲೆ ಅದೀನಿ, ವಾಪಸ್ ಹೋಗೂಣು ಅಂತ. ಸಣ್ಣಗ ಅಂದ್ನಿ. ಅವಗ ಕೇಳ್ತು. ಬಾಯಾಗಿನ ಭಜಿ ಅಗಿಯೂದು ನಿಲ್ಲಿಸಿದ. ಆಮ್ಯಾಲ, ಬಸ್ ಬಂತು ಏಳು, ಅಂದ. ಬಸ್ ಬಂದಿದ್ದಿಲ್ಲ ಇನ್ನೂ. ಬಿಸಲಾಗ ಭಾಳ ಹೊತ್ತ ನಿಂತ್ವಿ." ಚೀಲವನ್ನು ಕೈ ಬದಲಾಯಿಸಿದಳು. "ನಿನ್ನಿ ಎಲ್ಲಾ ಹೇಳಿದ. ಅದೊಂದ ಹೇಳ್ಲಿಲ್ಲ."

ಗಾಡಿ ಬಂತು. ನನ್ನ ಗಲ್ಲ ಸವರಿ, ಅವ್ವನಿಗೆ ಹೋಳಿಗೆ ಚಲೋ ಆಗಿದ್ದವೆಂದು ಹೇಳಲು ಹೇಳಿ, ಹತ್ತಿಕೊಂಡಳು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತು ನನ್ನ ದಾರಿಯನ್ನೇ ಕಾಯುತ್ತಿದ್ದ. "ಏನರೆ ಅಂದ್ಲೇನು?" ಎಂದ. ಒಂದು ಒಳ್ಳೆಯ ಸುಳ್ಳು ಹೇಳಬಹುದಾಗಿತ್ತು. ಧಾರಾವಾಹಿ ಬರೆಯುವವರು ಅದನ್ನೇ ಬರೆಯುತ್ತಿದ್ದರು, ಅಪ್ಪ ನಂಬುತ್ತಿದ್ದ, ಇಬ್ಬರೂ ಅತ್ತು ಹಗುರಾಗುತ್ತಿದ್ದೆವು. ನನ್ನ ಬಾಯಿಂದ ಅದು ಹೊರಡಲಿಲ್ಲ.

"ಜತ್ತ ಸ್ಟ್ಯಾಂಡಿನ್ಯಾಗ ಅತ್ತಿ ವಾಪಸ್ ಹೋಗೂಣು ಅಂದಿದ್ಲೇನಪ್ಪಾ?" ಎಂದು ಕೇಳಿದೆ.

ಅಪ್ಪ ನನ್ನ ಕಡೆ ತಲೆ ಎತ್ತಿದ. ಹಣೆಯ ಮೇಲೆ ಅಕ್ಕಿಕಾಳು ಇನ್ನೂ ಅಂಟಿದ್ದವು.

"ಅಂದಿದ್ಲು."

"ನಿನ್ನಿ ಅದನ್ಯಾಕ ಹೇಳ್ಲಿಲ್ಲ?"

"ಭಾಳ ಸಣ್ಣಗ ಅಂದಿದ್ಲು," ಎಂದ ಅಪ್ಪ. "ನನಗ ಕೇಳಿಸಿದ್ದು ಅಕೀಗಿ ಗೊತ್ತಿಲ್ಲ ಅನ್ಕೊಂಡಿದ್ದೆ."